ಗಣಿ ಮುಚ್ಚಿದ ಊರಿನಲ್ಲಿ ಡೆಲ್ಮಾಳ ಮನೆ

ಖೈತಾನ್, ಕುವೈತ್
೧೮ ಅಕ್ಟೋಬರ್ ೨೦೧೩, ಶುಕ್ರವಾರ

ಪ್ರೀತಿಯ ಹಸೀಬಾ,

ಬಕ್ರೀದ್ ಕಳೆದ ಮೇಲೆ ಶುಭಾಶಯ ಹೇಳಲು ಕೂತಿದ್ದೇನೆ. ಬೈಯುವುದಿದ್ದರೆ ಈಗಲೇ ಬೈದು ಮುಗಿಸು, ಆಮೇಲೆ ಮುಂದಕ್ಕೆ ಓದು. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ನನಗೆ ಮಾತಾಡಲು ಬಿಡುವುದಿಲ್ಲ, ಇದು ನಡುವೆ ಬಾಯಿ ಹಾಕದೆ ಕೇಳಬೇಕಾದ ಸುದ್ದಿ. ನಿನ್ನ ಯಜಮಾನರು ಬಾವಾಕುಂಞಿಯವರ ಸಕ್ಕರೆ ಹತೋಟಿಯಲ್ಲಿದೆಯೇ? ಕುವೈತ್ ಬಿಟ್ಟು ಪಾಣೆಮಂಗಳೂರಿಗೆ ಹೋದ ಮೇಲೆ ಅವರಿಗೆ ನಡೆಯುವ ಅಭ್ಯಾಸ ತಪ್ಪಿದೆ ಎಂದು ಕೇಳಿದೆ. ನೀವಿದ್ದ ನಮ್ಮ ಎದುರಿನ ಫ್ಲ್ಯಾಟಿಗೆ ಈಜಿಪ್ಟಿನ ಒಂದು ಕುಟುಂಬ ಬಂದಿದೆ. ಒಳ್ಳೆಯ ಜನ. ಆದರೆ ಬೆಲ್ ಒತ್ತದೆ ಒಳಗೆ ಬರುವವರು ಈ ಕಟ್ಟಡದಲ್ಲಿ ಈಗ ಯಾರೂ ಇಲ್ಲ.

ಸುದ್ದಿ ಡೆಲ್ಮಾಳದು. ನಾನು ಜಹ್ರಾದ ಕ್ಲಿನಿಕ್‌ನಿಂದ ಬಸ್ಸಿನಲ್ಲಿ ಬರುವಷ್ಟರಲ್ಲಿ ನೀನು ಅವಳಿಗೆ ಊಟ ಮಾಡಿಸಿ ಮಲಗಿಸಿರುತ್ತಿದ್ದೆ, ಹಾಗಾಗಿ ಅರ್ಧ ಮಗಳು ನಿನ್ನವಳೇ. ಅವಳು ನರ್ಸಿಂಗ್ ಮುಗಿಸಿ ಫಿನ್ಲೆಂಡಿನ ಒಂದು ವೃದ್ಧಾಶ್ರಮಕ್ಕೆ ಕೆಲಸಕ್ಕೆ ಹೋದದ್ದು ನಿನಗೆ ಗೊತ್ತು. ಊರಿನ ಹೆಸರು ಕುಪಾರಿವಾರಾ. ಒಂದು ಕಾಲದಲ್ಲಿ ಅಲ್ಲಿ ತಾಮ್ರದ ಗಣಿ ಇತ್ತು, ಡೆಲ್ಮಾ ಇನ್ನೂ ಮಗುವಾಗಿದ್ದಾಗಲೇ ಅದು ಮುಚ್ಚಿತಂತೆ. ನಾನು ಸೆಪ್ಟೆಂಬರಿನಲ್ಲಿ ಅಲ್ಲಿಗೆ ಹೋದೆ. ಮಗಳನ್ನು ನೋಡಲು ಎಂದು ಎಲ್ಲರಿಗೂ ಹೇಳಿದ್ದೆ. ನಿಜವಾಗಿ ಹೋದದ್ದು ಅವಳನ್ನು ಕರೆದುಕೊಂಡು ಬರಲು. ಇಲ್ಲೇ ಕುವೈತಿನ ರುಮೈಥಿಯಾದಲ್ಲಿರುವ ಕ್ಲೇಟನ್ ಎಂಬ ಹುಡುಗನ ಮನೆಯವರು ಸಂಬಂಧ ಕೇಳಿದ್ದರು. ಹುಡುಗ ಒಳ್ಳೆಯವನು, ಆಫೀಸಿನ ಕೆಲಸ, ತಾಯಿಯೂ ಜಗಳಗಂಟಿಯಲ್ಲ.

ಡೆಲ್ಮಾ ಎಲ್ಲವನ್ನೂ ಕೇಳಿಸಿಕೊಂಡಳು. ಬೇಡ ಎನ್ನಲಿಲ್ಲ. ಮೊದಲು ಊರು ನೋಡಿ ಮಮ್ಮಿ, ಆಮೇಲೆ ಮಾತಾಡುವ ಎಂದಳು.

ಊರು ನೋಡಲು ಏನಿದೆ ಮಾರಾಯ್ತಿ? ಗುಡ್ಡದ ಮೇಲೆ ಗಣಿಯ ಗೋಪುರ, ಅದರ ತುದಿಯಲ್ಲಿ ತಿರುಗದ ಎರಡು ದೊಡ್ಡ ಚಕ್ರ. ಗುಡ್ಡದ ಕೆಳಗೆ ಕಾರ್ಮಿಕರಿಗೆಂದು ಕಟ್ಟಿದ ಹಳದಿ ಮರದ ಮನೆಗಳ ಸಾಲು. ಎರಡರಲ್ಲಿ ಒಂದು ಮನೆಯ ಕಿಟಕಿಗೆ ಹಲಗೆ ಹೊಡೆದಿದ್ದಾರೆ. ಒಂದು ಅಂಗಡಿ, ಒಂದು ಚರ್ಚು, ಮಕ್ಕಳಿಲ್ಲದೆ ಬೀಗ ಬಿದ್ದ ಶಾಲೆ. ಕೆಲಸ ಹೋದಾಗ ಊರಿನ ಅರ್ಧ ಜನ ಸ್ವೀಡನ್ನಿಗೆ ಹೋದರಂತೆ. ಉಳಿದವರದು ಮಾತು ಕಡಿಮೆ. ಆದರೆ ಅಂಗಡಿಯಲ್ಲಿ ಒಬ್ಬ ಅಜ್ಜಿ ಡೆಲ್ಮಾಳನ್ನು ನಿಲ್ಲಿಸಿ, ಒಂದು ಮಾತೂ ಆಡದೆ, ಅವಳ ಕೋಟಿನ ಮೇಲಿನ ಗುಂಡಿ ಹಾಕಿ ಮುಂದೆ ಹೋದಳು. ಕಳೆದ ಚಳಿಗಾಲ ಇವಳು ಜ್ವರದಲ್ಲಿ ಮಲಗಿದ್ದಾಗ ಬಾಗಿಲ ಮುಂದಿನ ಹಿಮವನ್ನು ಯಾರೋ ದಿನವೂ ತೆಗೆದು ಹೋಗುತ್ತಿದ್ದರಂತೆ. ಯಾರೆಂದು ಇವತ್ತಿಗೂ ಗೊತ್ತಿಲ್ಲ. ಅದನ್ನು ಕೇಳಿದಾಗ ನನಗೆ ನಿನ್ನ ನೆನಪಾಯಿತು.

ಆಮೇಲೆ ಅವಳು ಮೆಲ್ಲನೆ ಹೇಳಿದಳು, ಆ ಸಾಲಿನಲ್ಲೇ ಒಂದು ಮನೆ ಕೊಳ್ಳಬೇಕೆಂದಿದ್ದೇನೆ ಎಂದು. ಮನೆ ತೌನೋ ಎಂಬ ಮುದುಕನದು. ಗಣಿಯಲ್ಲಿ ದುಡಿದವನು, ಹೆಂಡತಿ ತೀರಿಹೋಗಿದ್ದಾಳೆ. ಮೆಟ್ಟಿಲು ಹತ್ತಲಾಗದೆ ಅಂಗಡಿಯ ಹತ್ತಿರದ ಫ್ಲ್ಯಾಟಿಗೆ ಹೋಗುವವನಿದ್ದ. ಬ್ಯಾಂಕು ಒಪ್ಪಿತ್ತು. ಒಪ್ಪದವನು ತೌನೋ ಒಬ್ಬನೇ. ಹೊರಗಿನಿಂದ ಬಂದವರೆಲ್ಲ ಎರಡು ಚಳಿಗಾಲ ಕಂಡು ಓಡಿದ್ದಾರೆ, ನನ್ನ ಮನೆಯ ಕಿಟಕಿಗೂ ಹಲಗೆ ಬೀಳುವುದು ನನಗೆ ಬೇಡ ಎಂದು ಅವನ ಹಟ. ಡೆಲ್ಮಾಳ ತಾಯಿ ಬಂದಿದ್ದಾಳೆಂದು ಅವನಿಗೆ ಸುದ್ದಿ ಮುಟ್ಟಿತ್ತು. ಭಾನುವಾರ ಇಬ್ಬರನ್ನೂ ಕಾಫಿಗೆ ಕರೆದ.

ಹೋದೆವು. ಅವನಿಗೆ ಇಂಗ್ಲಿಷ್ ಬರುವುದಿಲ್ಲ. ಕಾಫಿ ಬಗ್ಗಿಸಿದ, ಸಿಹಿ ರೊಟ್ಟಿ ಕೊಟ್ಟ, ನನ್ನನ್ನೇ ನೋಡುತ್ತಾ ಏನೋ ಕೇಳಿದ. ಡೆಲ್ಮಾ ತನ್ನ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ಅವಳು ಬೇರೆ ಏನನ್ನಾದರೂ ಹೇಳಿ ದಾಟಿಸಬಹುದಿತ್ತು, ನನಗೆ ತಿಳಿಯುತ್ತಿರಲಿಲ್ಲ. ಆದರೆ ಇದ್ದದ್ದನ್ನೇ ಹೇಳಿದಳು.

"ನೀವು ನನ್ನನ್ನು ಕರೆದುಕೊಂಡು ಹೋಗಲು ಬಂದದ್ದಾ ಅಂತ ಕೇಳ್ತಾ ಇದ್ದಾರೆ ಮಮ್ಮಿ. ನಾನು ಇಲ್ಲಿ ಉಳೀತೇನಾ ಅಂತ ನೀವೇ ಹೇಳಬೇಕಂತೆ."

ಹಸೀಬಾ, ಇಲ್ಲ ಎಂದಿದ್ದರೆ ಸಾಕಿತ್ತು. ಮನೆ ತಪ್ಪುತ್ತಿತ್ತು, ಇಂದಲ್ಲ ನಾಳೆ ಅವಳು ನನ್ನ ಹಿಂದೆ ಬರುತ್ತಿದ್ದಳು. ನಾನು ಅವಳ ಮುಖ ನೋಡಿದೆ. ಅವಳು ಮೇಜು ನೋಡುತ್ತಿದ್ದಳು, ಚಿಕ್ಕವಳಿದ್ದಾಗ ಪರೀಕ್ಷೆಯ ಫಲಿತಾಂಶಕ್ಕೆ ಕಾಯುತ್ತಿದ್ದ ಹಾಗೆ.

"ಬಂದದ್ದು ಅದಕ್ಕೇ ಹೌದು, ಹೇಳು ಅವರಿಗೆ," ಎಂದೆ. "ತೊಂಬತ್ತರಲ್ಲಿ ಕುವೈತಿಗೆ ಯುದ್ಧ ಬಂದಾಗ ನಾವು ಮೇಜಿನ ಮೇಲೆ ಊಟದ ಬಟ್ಟಲು ಬಿಟ್ಟು ಓಡಿದವರು. ಇವಳು ನನ್ನ ಸೊಂಟದ ಮೇಲಿದ್ದಳು. ಯುದ್ಧ ಮುಗಿದದ್ದೇ ಅದೇ ಬೀದಿಗೆ ವಾಪಸ್ ಬಂದೆವು. ಓಡಿದರೂ ತಿರುಗಿ ಬರುವ ಜಾತಿ ನಮ್ಮದು. ಇವಳು ಉಳೀತಾಳೆ."

ಅವನು ತಲೆಯಾಡಿಸಿದ. ನಮ್ಮವರು ತಿರುಗಿ ಬರಲಿಲ್ಲ ಎಂದನಂತೆ. ಮತ್ತೆ ಕೇಳಿದ, ಆಶ್ರಮವೂ ಮುಚ್ಚಿದರೆ ಇವಳು ಏನು ಮಾಡುತ್ತಾಳೆ? ಗಣಿ ಮುಚ್ಚಿದಾಗ ನೀವೇನು ಮಾಡಿದಿರಿ ಎಂದು ನಾನು ತಿರುಗಿ ಕೇಳಿದೆ. ಶಾಲೆಯ ಬಸ್ಸು ಓಡಿಸಿದೆ, ಆಮೇಲೆ ಶಾಲೆಯೂ ಮುಚ್ಚಿತು ಎಂದ. ಆದರೂ ನೀವು ಇಲ್ಲೇ ಇದ್ದೀರಲ್ಲ ಎಂದೆ. ಡೆಲ್ಮಾ ಅದನ್ನು ದಾಟಿಸಿದಾಗ ಅವನು ನಕ್ಕ. ಆ ಊರಿನಲ್ಲಿ ಯಾರಾದರೂ ಹಲ್ಲು ಕಾಣುವಂತೆ ನಕ್ಕದ್ದು ನಾನು ನೋಡಿದ್ದು ಅದೊಂದೇ ಸಲ. ನನ್ನ ಬಟ್ಟಲಿಗೆ ಇನ್ನೊಮ್ಮೆ ಕಾಫಿ ಬಗ್ಗಿಸಿ, ಸೋಮವಾರ ಬ್ಯಾಂಕಿಗೆ ಹೋಗೋಣ ಎಂದು ಡೆಲ್ಮಾಳಿಗೆ ಹೇಳಿದ.

ಇಲ್ಲಿಗೆ ವಾಪಸ್ ಬಂದ ಮೇಲೆ ಕ್ಲೇಟನ್‌ನ ತಾಯಿಗೆ ನಾನೇ ಹೋಗಿ ಹೇಳಿದೆ. ಆ ಕಾಡಿನಲ್ಲಿ ಮಗಳನ್ನು ಬಿಟ್ಟು ಬಂದೆಯಾ ಎಂದರು. ಕಾಡಲ್ಲ, ಊರು, ಅಲ್ಲಿ ಅವಳದೇ ಮನೆ ಉಂಟು ಎಂದೆ. ಮನೆಯಲ್ಲಿ ಡೆಲ್ಮಾಳ ಡ್ಯಾಡಿ ರೋಕ್ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ, ಚಳಿಗೆ ಹೀಟರ್ ಸರಿ ಉಂಟಾ ಎಂದಷ್ಟೇ ಕೇಳಿದರು. ಅವರ ಕೆಲಸವೂ ಬರುವ ಜೂನಿಗೆ ಮುಗಿಯುತ್ತದೆ. ಅರುವತ್ತು ದಾಟಿದವರಿಗೆ ಇಲ್ಲಿರಲು ಇಕಾಮಾ ಮಾಡಿಸುವುದಿಲ್ಲ, ಖಲಾಸ್, ಮುಗಿಯಿತು ಎಂದಿದ್ದಾನೆ ಕೆಲಸಕ್ಕಿಟ್ಟ ಕಫೀಲ್. ಆಮೇಲೆ ನಾವೂ ಕುವೈತ್ ಬಿಡಬೇಕು. ಮುಂದಿನದನ್ನು ಮುಂದೆ ನೋಡಿಕೊಳ್ಳುತ್ತೇವೆ. ಇದಕ್ಕಿಂತ ದೊಡ್ಡದನ್ನು ದಾಟಿದ್ದೇವೆ.

ನಾನು ಮಾಡಿದ್ದು ಸರಿಯೇ, ಅದರಲ್ಲಿ ನನಗೆ ಸಂಶಯವಿಲ್ಲ. ನೀನೂ ನಮಾಜಿನಲ್ಲಿ ಅವಳಿಗಾಗಿ ಒಂದು ದುವಾ ಮಾಡು. ನಿನ್ನ ಮೊಮ್ಮಕ್ಕಳಿಗೆ ನನ್ನ ಮುದ್ದು. ದೇವರು ನಿಮ್ಮ ಮನೆಯನ್ನು ತುಂಬಿದಂತೆಯೇ ಇಟ್ಟಿರಲಿ.

ನಿನ್ನ
ಸೂಸನ್

ತಾ.ಕ: ರೋಕ್‌ಗೆ ಹೇಳದ ಒಂದು ಮಾತನ್ನು ನಿನಗೆ ಹೇಳುತ್ತೇನೆ. ತೌನೋ ಮನೆ ಬಿಟ್ಟುಕೊಟ್ಟ ಮೇಲೆ, ನಾನು ಹೊರಡುವ ಮೊದಲು, ಆ ಮನೆಯ ಕೆಳಗಿನ ಕೋಣೆಗೆ ನಾನೇ ಬಣ್ಣ ಬಳಿದೆ. ಕಿಟಕಿಯಿಂದ ಕೆರೆ ಕಾಣುತ್ತದೆ, ಕೆಲಸ ಮುಗಿದ ಮೇಲೆ ರೋಕ್ ದಿನಾ ಬೆಳಿಗ್ಗೆ ಅಲ್ಲಿ ಕುರ್ಚಿ ಹಾಕಿ ಕೂರಬಹುದು ಎಂದುಕೊಂಡೇ ಬಳಿದೆ. ಮುಗಿದ ಮೇಲೆ ಡೆಲ್ಮಾ ಬಾಗಿಲಲ್ಲಿ ನಿಂತು ನೋಡಿದಳು. ತುಂಬ ಚಂದ ಆಯ್ತು ಮಮ್ಮಿ, ಇದು ಗೆಸ್ಟ್ ರೂಮ್ ಇರಲಿ, ನೀವು ಮತ್ತು ಡ್ಯಾಡಿ ಬಂದಾಗ ಆಗ್ತದೆ ಎಂದಳು. ಪ್ರೀತಿಯಿಂದಲೇ ಹೇಳಿದ್ದು. ನಾನು ಹೌದು ಎಂದು ಬ್ರಷ್ ತೊಳೆಯಲು ಹೋದೆ. ನೀರು ತಿಳಿಯಾದ ಮೇಲೂ ಅದನ್ನೇ ತೊಳೆಯುತ್ತಾ ನಿಂತಿದ್ದೆ.