ತಾತನ ಗುಂಡಿಯಲ್ಲಿ ಕೇರಿಯ ರಾಗಿ

ಚಿನಕುರಳಿ ಪಕ್ಕದ ನಮ್ಮೂರಿಂದ,
೧೦-೧೧-೧೯೯೬, ಭಾನುವಾರ

ನನ್ನ ಬಂಗಾರದಂಥ ಮೊಮ್ಮಗಳು ಪವಿತ್ರಳಿಗೆ ಅಜ್ಜಿ ಪುಟ್ಟತಾಯಮ್ಮ ತಲೆ ಸವರಿ ಬರೆಯುವುದು. ಇಲ್ಲಿ ನಾವು ಇದ್ದೇವೆ. ನಿನ್ನ ಕಾಗದದ ತುಂಬ ಬರೀ ಸಿಟ್ಟೇ ಇದ್ದದ್ದು ನೋಡಿ, ಸದ್ಯ, ಮೈಯಲ್ಲಿ ಶಕ್ತಿ ಇದೆ ಹುಡುಗಿಗೆ ಅಂತ ಸಮಾಧಾನವಾಯಿತು.

“ತಾತನ ಮಾತು ಮುರಿದ ಮನೆಗೆ ಹೆರಿಗೆಗೆ ಬರುವುದಿಲ್ಲ” ಅಂತ ಬರೆದಿದ್ದೀಯ. ಐದು ತಿಂಗಳ ಬಸುರಿ ಸಾವಿನ ಮನೆಗೆ ಹೋಗಬಾರದು ಅಂತ ನಿಮ್ಮತ್ತೆ ನಿನ್ನನ್ನು ಬಿಂಡಿಗನವಿಲೆಯಲ್ಲೇ ತಡೆದದ್ದು ಸರಿಯೇ. ಆದರೆ ನೀನು ಕಣ್ಣಲ್ಲಿ ನೋಡದೆ, ನಿಮ್ಮಪ್ಪ ದೇವರಾಜು ಹೇಳಿದ್ದನ್ನಷ್ಟೇ ಕೇಳಿ ತೀರ್ಪು ಕೊಟ್ಟುಬಿಟ್ಟೆ. ಈಗ ನನ್ನದನ್ನೂ ಕೇಳು. ಕಾಲು ಚಾಚಿ ಕೂತು ಓದು, ಸೊಂಟ ನೋಯುತ್ತದೆ.

ನಿಮ್ಮ ತಾತ ಯಾರ ಮಾತು ಕೇಳಿದವರು ಹೇಳು? ನಿಮ್ಮಪ್ಪನ ಮದುವೆಯನ್ನು ಆಷಾಢದಲ್ಲಿ ಮಾಡಿದರಲ್ಲ! “ವೈಶಾಖದಲ್ಲಿ ಓಲಗದೋರ್ಗೆ ದಿನಕ್ಕೊಂದು ಮದ್ವೆ, ಊದಾಕೆ ಉಸ್ರೇ ಇರಾಕಿಲ್ಲ. ಆಷಾಢದಲ್ಲಾದ್ರೆ ನಮ್ಗೇ ಮೀಸ್ಲು ಬುಡು” ಅಂದರು. ಓಲಗದವರೇನೋ ಬಂದರು. ನೆಂಟರು ಬರಲಿಲ್ಲ. ಮಾಡಿದ ಪಾಯಸ ಕೆಡುತ್ತದಲ್ಲ ಅಂತ ಅದನ್ನೆಲ್ಲ ಓಲಗದವರಿಗೇ ಬಡಿಸಿದೆವು. ಧಾರೆಯ ಹೊತ್ತಿಗೆ ಅವರಿಗೆ ಊದುವುದಿರಲಿ, ಎದ್ದು ನಿಲ್ಲುವುದಕ್ಕೂ ಆಗಲಿಲ್ಲ. ನಿನ್ನನ್ನು ಶ್ರೀರಂಗಪಟ್ಟಣದ ಹಾಸ್ಟೆಲಿಗೆ ಬಿಡಲು ಹೋದಾಗಲೂ ಹಾಗೇ ಅಲ್ಲವೆ? ಹೆಣ್ಣುಮಕ್ಕಳನ್ನು ಓದಿಸಿ ಏನು ಮಾಡುತ್ತೀರಿ ಅಂತ ಕೇಳಿದವರಿಗೆ “ನಿನ್ನಂಗೆ ಕೇಳ್ದೇ ಇರಾಂಗೆ ಮಾಡ್ತೀನಿ” ಅಂದವರು. ನೀನು ಅಳು ನಿಲ್ಲಿಸುವ ತನಕ ಗೇಟಿನ ಮುಂದೆ ಕಂಬಳಿ ಹಾಸಿ ಕೂತಿದ್ದರಂತೆ.

ಇನ್ನು ಗುಂಡಿಯ ವಿಷಯ. ಪಕ್ಕದೂರಲ್ಲಿ ಒಬ್ಬ ಯಜಮಾನ ತೀರಿಕೊಂಡಾಗ ಮಕ್ಕಳು “ನನ್ನ ಭಾಗದಲ್ಲಿ ಬೇಡ, ನಿನ್ನ ಭಾಗದಲ್ಲಿ ಹೂಳು” ಅಂತ ಕಿತ್ತಾಡಿ, ಹೆಣವನ್ನು ಸಂಜೆವರೆಗೂ ಬಿಸಿಲಲ್ಲಿಟ್ಟರು. ಅದನ್ನು ನೋಡಿ ಬಂದವರು, ಮಾರನೇ ವಾರವೇ ಕ್ವಾರಿಯಿಂದ ಚಪ್ಪಡಿ ತರಿಸಿ, ದಿಣ್ಣೆ ಹೊಲದಲ್ಲಿ ತಮಗೆ ತಾವೇ ಗುಂಡಿ ತೋಡಿಸಿದರು. ಸುತ್ತ ಕಲ್ಲು, ಮೇಲೊಂದು ಕಲ್ಲು. ಒಳಗಿಳಿದು ಮಲಗಿ ನೋಡಿ, “ಕಾಲ್ತಾವ ಒಸಿ ಇರುಕಾಯ್ತದೆ ಕಣ್ಲಾ” ಅಂತ ಕಲ್ಲುಕೆಲಸದವನ ಕೈಲಿ ಇನ್ನೊಂದು ಗೇಣು ಬಿಡಿಸಿದರು. ನಾನು ದಡದಲ್ಲಿ ಕೂತು ಅತ್ತೆ. “ಈಗ್ಲೇ ಎಲ್ಲಾ ಅತ್ಬುಡಬ್ಯಾಡ, ಒಸಿ ಉಳುಸ್ಕೊ ಕಣಮ್ಮಿ” ಅಂತ ಒಳಗಿಂದಲೇ ಕೂಗಿದರು. ಆವತ್ತಿನಿಂದ ಸಂತೆಯಲ್ಲಿ ಸಿಕ್ಕವರಿಗೆಲ್ಲ, “ಮಂಚೇಗೌಡ ಅಲ್ಲೇ ಮಲ್ಗೋದು, ಇದು ಮಾತು” ಅಂತ ಸಾರಿದ್ದೇ ಸಾರಿದ್ದು.

ಮಾತೇನೋ ಆಯಿತು, ಸಾವು ಬರಲಿಲ್ಲ. ಗುಂಡಿ ಸುಮ್ಮನೆ ಖಾಲಿ ಬಿದ್ದಿರುವುದನ್ನು ಅವರಿಗೆ ಸಹಿಸಲಾಗಲಿಲ್ಲ. ಅಟ್ಟದಲ್ಲಿ ಇಲಿ ಕಾಟ ಬೇರೆ. ಒಳಗೆ ರಾಗಿಹುಲ್ಲು ಹಾಸಿ, ರಾಗಿ ಸುರಿದು, ಚಪ್ಪಡಿ ಎಳೆದು ಮಣ್ಣು ಮೆತ್ತಿ ಹಗೇವು ಮಾಡಿಬಿಟ್ಟರು. ಎದುರುಮನೆ ಕುಳ್ಳಮ್ಮ ಮೊದಲು, “ಥೂ, ಗೋರೀಲಿ ರಾಗಿ ಮಡುಗ್ತಾರಾ!” ಅಂತ ಮೂಗು ಮುರಿದಳು. ಅವಳ ಮನೆಯ ರಾಗಿಯನ್ನು ಇಲಿ ತಿಂದ ವರ್ಷ ತಾನೂ ಮೂಟೆ ಹೊರಿಸಿಕೊಂಡು ಬಂದಳು. ಅವಳ ಹಿಂದೆ ಇಡೀ ಕೇರಿಯೇ ಬಂತು. ಮನೆಯಲ್ಲಿದ್ದದ್ದು ಉಣ್ಣುವುದಕ್ಕೆ, ಗುಂಡಿಯಲ್ಲಿದ್ದದ್ದು ಬೆಳೆ ಕೈಕೊಟ್ಟ ವರ್ಷಕ್ಕೆ. ಆಮೇಲೆ ನಿಮ್ಮ ತಾತ ಒಂದು ಸಲ ಕೆಮ್ಮಿದರೆ ನಾಲ್ಕು ಮನೆಯಿಂದ ಕಷಾಯ ಬರುತ್ತಿತ್ತು. ಇವರು ಬದುಕಿರುವ ತನಕ ರಾಗಿ ಭದ್ರ ನೋಡು.

ಅವರು ಹೋದ ದಿನ ಸ್ವಾತಿ ಮಳೆ ಬಿಟ್ಟೂ ಬಿಡದೆ ಹಿಡಿದಿತ್ತು. ಹೊಸ ರಾಗಿ ಹೊಲದಲ್ಲೇ ನೆನೆಯುತ್ತಾ ನಿಂತಿತ್ತು, ಕೈಗೆ ಸಿಕ್ಕೀತೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಕುಳ್ಳಮ್ಮ ಬಂದವಳೇ ಎದೆ ಬಡಿದುಕೊಂಡು, “ಮಂಚಣ್ಣೋ, ಇನ್ನೊಂದು ತಿಂಗ್ಳು ತಡೀಬಾರ್ದಿತ್ತಾ! ಒಕ್ಕಣೆ ಮುಗುಸ್ಕಂಡು ಓಗ್ಬಾರ್ದಿತ್ತಾ!” ಅಂತ ಗೋಳಿಟ್ಟಳು. ಅದನ್ನು ಕೇಳಿ ಕೇರಿಯವರೆಲ್ಲ ಹೊಟ್ಟೆಯಿಂದ ಅತ್ತರು. ಅಷ್ಟು ನಿಜವಾದ ಅಳು ನಾನು ಯಾವ ಸಾವಿನಲ್ಲೂ ಕೇಳಿಲ್ಲ.

ನಿಮ್ಮಪ್ಪ ಹಾರೆ ತಗೊಂಡು ಎದ್ದ. ಅಪ್ಪನ ಮಾತು ಅಂದರೆ ಮಾತು, ರಾಗಿ ಈಚೆಗೆ ಹಾಕಿ ಅಂದ. ವಯಸ್ಸಾದವರು ತಡೆದರು. ಮುಚ್ಚಿದ ಹಗೇವನ್ನು ತೆಗೆದ ಮೇಲೆ ಒಂದು ದಿನ ಗಾಳಿಯಾಡಲು ಬಿಡಬೇಕು, ಕೂಡಲೇ ಇಳಿದವನು ಉಸಿರು ಕಟ್ಟಿ ಸಾಯುತ್ತಾನೆ. “ಇವತ್ತೇ ಇಳುದ್ರೆ ನಿಮ್ಮಪ್ಪನ ಪಕ್ದಲ್ಲೇ ನಿನ್ಗೂ ಒಂದು ತೋಡ್ಬೇಕಾಯ್ತದೆ ಕಣ್ಲಾ” ಅಂದರು. ಅವನು ಕೇಳಲಿಲ್ಲ. ಯಾರ ಮಗ ಅವನು!

ಆಗ ನಾನು ಎದ್ದೆ. ಮೂಲೆ ಹಿಡಿದು ಕೂರಬೇಕಾದವಳು ಮಳೆಯಲ್ಲಿ ನಡೆದು ಹೋಗಿ ಚಪ್ಪಡಿಯ ಮೇಲೆ ಕೂತೆ.

“ಏಳವ್ವ” ಅಂದ.

“ಏಳಾಕಿಲ್ಲ. ಪಕ್ದಲ್ಲಿ ತೋಡಿ.”

“ಅಪ್ಪ ಯೋಳಿದ್ರಾ?”

“ಇಲ್ಲ. ನಾನ್ ಯೋಳ್ತಿವ್ನಿ.”

ಹಾರೆ ಹಿಡಿದು ಅಳುತ್ತಾ ನಿಂತ ಪಾಪ. ಕೊನೆಗೆ ಗುಂಡಿಯ ಮಗ್ಗುಲಲ್ಲೇ, ಬರೀ ಮಣ್ಣಿನಲ್ಲಿ ಅವರನ್ನು ಮಲಗಿಸಿದೆವು. ಗಂಡನ ಮಾತು ಮುರಿದ ಹೆಂಗಸು ಅಂತ ಊರು ಆಡಿಕೊಂಡಿತು. ರಾಗಿ ಉಳಿಸಿಕೊಂಡವರೂ ಆಡಿಕೊಂಡರು, ಕುಳ್ಳಮ್ಮ ಎಲ್ಲರಿಗಿಂತ ಜೋರಾಗಿ.

ಹೌದು ಕಣವ್ವ, ನಾನೇ ಮಾಡಿದ್ದು. ಸಿಟ್ಟಿದ್ದರೆ ನನ್ನ ಮೇಲಿರಲಿ, ನಿಮ್ಮಪ್ಪನ ಮೇಲೆ ಬೇಡ, ಮನೆಯ ಮೇಲೂ ಬೇಡ. ಏಳು ತುಂಬಿದ ಮೇಲೆ ಬಾ. ಮಾತಾಡಿಸಬೇಡ, ಬೈಯಿ. ಬಾಣಂತಿ ಕೋಣೆಯ ಗೋಡೆಗೆ ಸುಣ್ಣ ಬಳಿಸಿ ಆಗಿದೆ. ಬಾರದಿದ್ದರೆ ನಾನೇ ಹೋಗಿ ಅಲ್ಲಿ ಮಲಗಬೇಕಾಗುತ್ತದೆ.

ಅಳಿಯಂದಿರಿಗೂ ನಿಮ್ಮತ್ತೆಗೂ ಕೇಳಿದೆ ಅಂತ ಹೇಳು.

ನಿನ್ನ ಬೈಗುಳಕ್ಕೆ ಕಿವಿ ತೆರೆದಿಟ್ಟುಕೊಂಡಿರುವ,
ಅಜ್ಜಿ ಪುಟ್ಟತಾಯಮ್ಮ

ತಾ.ಕ.: ಇಷ್ಟು ಬರೆದು ಅಂಟು ಹಾಕಲು ಹೋದೆ, ಮನಸ್ಸು ಬರಲಿಲ್ಲ. ಇದನ್ನು ಓದಿ ಒಲೆಗೆ ಹಾಕು. ಅವರು ಹೋಗುವ ಹಿಂದಿನ ಮಧ್ಯಾಹ್ನ ಜಗಲಿಯ ಮೇಲೆ ಕೂತಿದ್ದರು. ಕುಳ್ಳಮ್ಮ ಬಂದು, ಹೊಲದ ಕಡೆ ನೋಡಿಕೊಂಡೇ “ಮೈ ಎಂಗದೆ ಮಂಚಣ್ಣ?” ಅಂತ ಕೇಳಿ ಹೋದಳು. ಅವಳು ಮರೆಯಾದ ಮೇಲೆ ನನ್ನನ್ನು ಹತ್ತಿರ ಕರೆದು, “ಲೇ, ಆ ಗುಂಡಿ ತೆಗೀಬ್ಯಾಡ್ರಿ, ಮಳೇಲಿ ಜನುದ್ ರಾಗಿ ಆಳಾಯ್ತದೆ. ಅದ್ರ ಮಗ್ಲಲ್ಲೆಲ್ಲಾರ ನನ್ನ ಆಕ್ಬುಡಿ” ಅಂದರು. ಆಮೇಲೆ ಆಚೆ ಈಚೆ ನೋಡಿ, “ಮಂಚೇಗೌಡ ಮಾತು ತಿರುಗ್ಸ್ದ ಅಂತ ಮಾತ್ರ ಯಾರ್ಗೂ ಯೋಳ್ಬ್ಯಾಡ. ನೀನೇ ಮಾಡ್ದೆ ಅನ್ನು” ಅಂದರು. ಆಣೆ ಹಾಕಿಸಿಕೊಂಡರು ಕೂಡ. ಊರೆಲ್ಲ ಬೈದರೂ ತುಟಿ ಬಿಚ್ಚದೆ ಉಳಿಸಿಕೊಂಡಿದ್ದೆ. ಈಗ ನೀನು ಹೆರಿಗೆಗೆ ಬರಲಿ ಅಂತ ಈ ಕಾಗದದಲ್ಲಿ ಅವರ ಮಾತನ್ನು ನಿಜವಾಗಿಯೂ ಮುರಿದೆ.