ನಮ್ಮಮ್ಮ ಟ್ರಾಮಿನಲ್ಲಿ ಯಾಕೆ ನಿಂತಿದ್ದಳು

ಶಾಲಾ ಪಠ್ಯ ಕಚೇರಿಯ ಮುಖ್ಯಸ್ಥರಿಗೆ,

ಮಾನ್ಯರೇ,

ನಮ್ಮಮ್ಮ ತೀರಿಕೊಂಡು ಎಷ್ಟೋ ವರ್ಷಗಳಾದವು. ಆಕೆ ಕಲ್ಲೆದೆಯ ಹೆಂಗಸು ಎಂಬ ಸಂಗತಿ ಮಾತ್ರ ನನಗೆ ತಿಳಿದದ್ದು ಹೋದ ವಾರ, ತಮ್ಮ ಕಚೇರಿಯ ಕೃಪೆಯಿಂದ. ಹೆತ್ತ ಮಗಳಿಗೇ ಗೊತ್ತಿಲ್ಲದ್ದನ್ನು ಕಂಡುಹಿಡಿದಿದ್ದೀರಿ. ಅಭಿನಂದನೆ ಹೇಳೋಣವೆಂದು ಕೂತೆ, ಕೈ ಬೇರೆಯದನ್ನೇ ಬರೆಯುತ್ತಿದೆ, ಮನ್ನಿಸಬೇಕು.

ನನ್ನ ಅಕ್ಕ ಒಡ್ನಿ ಬರೆದ ‘ಮೀನುಚರ್ಮದ ಬೂಟು’ ಕಾದಂಬರಿಯನ್ನು ತಾವು ಹತ್ತನೆಯ ತರಗತಿಗೆ ಪಠ್ಯವಾಗಿ ಇಟ್ಟಿದ್ದೀರಿ. ಜರ್ಮನ್ನರು ನಮ್ಮ ದೇಶವನ್ನು ಹಿಡಿದಿದ್ದ ಯುದ್ಧಕಾಲದಲ್ಲಿ ನಾವಿಬ್ಬರು ಇದೇ ಟ್ರಾಂಡ್‌ಹೈಮ್‌ನಲ್ಲಿ ಕಳೆದ ಬಾಲ್ಯವೇ ಅದು, ಹೆಸರುಗಳಷ್ಟೇ ಬೇರೆ. ಅಕ್ಕ ಬದುಕಿದ್ದರೆ ಹಿಗ್ಗಿ ಹೀರೇಕಾಯಿ ಆಗುತ್ತಿದ್ದಳು. ಆದರೆ ಪುಸ್ತಕದ ಹಿಂದೆಯೇ ಅಧ್ಯಾಪಕರಿಗೆಂದು ಒಂದು ಕೈಪಿಡಿಯನ್ನೂ ಕಳಿಸಿದ್ದೀರಲ್ಲ, ತೊಂದರೆ ಅದರದು. ಅದರ ‘ವಸ್ತು ಮತ್ತು ಪಾತ್ರಗಳು’ ಎಂಬ ಭಾಗದಲ್ಲಿ ಹೀಗಿದೆ: “ತಾಯಿಯ ಪಾತ್ರವು ಭಾವಶೂನ್ಯತೆಯ ಪ್ರತೀಕ. ಟ್ರಾಮಿನಲ್ಲಿ ಸೀಟು ಖಾಲಿ ಇದ್ದರೂ ಆಕೆ ತಾನೂ ಕೂರುವುದಿಲ್ಲ, ದಣಿದ ಮಕ್ಕಳನ್ನೂ ಕೂರಗೊಡುವುದಿಲ್ಲ. ಮಕ್ಕಳ ಅವಮಾನ ಕಂಡು ನಗುತ್ತಾಳೆ. ಯುದ್ಧವು ತಾಯಿಯ ಹೃದಯವನ್ನು ಹೆಪ್ಪುಗಟ್ಟಿಸುವ ಬಗೆಗೆ ಇದು ನಿದರ್ಶನ.”

ಈ ಸುದ್ದಿ ನನಗೆ ಮುಟ್ಟಿದ್ದು ಊಟದ ಮೇಜಿನಲ್ಲಿ. ಹದಿನೈದು ವರ್ಷದ ಮೊಮ್ಮಗಳು ತೂವಾ ತಟ್ಟೆಯಲ್ಲಿ ಆಲೂಗೆಡ್ಡೆ ಹಿಸುಕುತ್ತ ಕೇಳಿದಳು.

“ಅಜ್ಜಿ, ನಿಮ್ಮಮ್ಮಂಗೆ ನಿಮ್ಮನ್ನ ಕಂಡ್ರೆ ಆಗ್ತಿರ್ಲಿಲ್ವಾ?”

“ಯಾರೇ ಹಾಗಂದಿದ್ದು?”

“ಟೀಚರ್. ಅವ್ರಿಗೆ ಕೈಪಿಡೀಲಿ ಹಾಗೆ ಬಂದಿದೆಯಂತೆ. ಪರೀಕ್ಷೇಲೂ ಅದನ್ನೇ ಬರೀಬೇಕಂತೆ.”

ಊಟ ಬಿಟ್ಟು ಎದ್ದು ಕೈಪಿಡಿಯ ಪ್ರತಿಯನ್ನು ತರಿಸಿ ಓದಿದೆ. ಕೋಪ ಬಂತು, ಆಮೇಲೆ ನಗು ಬಂತು, ಈಗ ಎರಡೂ ಒಟ್ಟಿಗೆ ಇವೆ.

ಸೀಟು ಖಾಲಿ ಇತ್ತು, ನಿಜ. ಅದರ ಪಕ್ಕದ ಸೀಟಿನಲ್ಲಿ ಜರ್ಮನ್ ಸೈನಿಕ ಕೂತಿದ್ದ. ಅಕ್ಕ ಅದನ್ನೂ ಬರೆದಿದ್ದಾಳೆ, ತಮ್ಮ ಪಂಡಿತರು ಅದನ್ನು ಓದಿಯೂ ಇದ್ದಾರೆ. ಓದಿ ಏನು ಬರೆದರು ಗೊತ್ತೇ? “ಅಪರಿಚಿತರೊಡನೆ ಬೆರೆಯಲಾಗದ ಸ್ವಭಾವ.” ಈ ತಪ್ಪನ್ನು ಬೇರೆ ಯಾವ ದೇಶದವರೂ ಮಾಡಲಾರರು, ನಮ್ಮವರೇ ಮಾಡಬೇಕು. ನಾವು ಅಂಥ ಜನ ತಾನೇ? ಇಬ್ಬರು ಕೂರುವ ಸೀಟಿನಲ್ಲಿ ಒಬ್ಬ ಕೂತಿದ್ದರೆ ಆ ಸೀಟು ಭರ್ತಿ ಎಂದೇ ನಮ್ಮ ಲೆಕ್ಕ. ಪಕ್ಕದಲ್ಲಿ ಯಾರಾದರೂ ಬಂದು ಕೂತರೆ, ಇವನಿಗೆ ಹುಚ್ಚೋ ಅಮಲೋ ಎಂದು ಅನುಮಾನ ಪಡುತ್ತೇವೆ. ಕೈಪಿಡಿ ಬರೆದವರು ಬಹುಶಃ ದಿನಾ ಕಚೇರಿಗೆ ನಿಂತುಕೊಂಡೇ ಹೋಗುತ್ತಾರೆ. ಅಮ್ಮನೂ ಅಂಥವಳೇ ಎಂದುಕೊಂಡರು.

ಜರ್ಮನ್ನರೂ ಮೊದಮೊದಲು ಹಾಗೆಯೇ ಮೋಸಹೋದರು. ಸೈನಿಕನೊಬ್ಬ ಬಂದು ಕೂತರೆ ಪಕ್ಕದವರು ಮೆಲ್ಲಗೆ ಎದ್ದು ನಿಲ್ಲುತ್ತಿದ್ದರು. ಪಾಪ, ನಾಚಿಕೆಯ ಜನ ಎಂದುಕೊಂಡರು. ಇದು ನಾಚಿಕೆಯಲ್ಲ, ಬಹಿಷ್ಕಾರ ಎಂದು ಹೊಳೆಯಲು ಅವರಿಗೆ ಬಹಳ ಕಾಲ ಹಿಡಿಯಿತು. ಹೊಳೆದ ಮೇಲೆ ಟ್ರಾಮಿನಲ್ಲಿ ಬೋರ್ಡು ತೂಗಿತು, ಸೀಟು ಖಾಲಿ ಇರುವಾಗ ಯಾರೂ ನಿಲ್ಲುವಂತಿಲ್ಲ ಎಂದು. ಸುಮ್ಮನೆ ನಿಂತುಕೊಂಡದ್ದನ್ನು ಅಪರಾಧ ಮಾಡಿಸಿಕೊಂಡ ಜನ ನಾವಲ್ಲದೆ ಇನ್ನು ಯಾರಿದ್ದಾರೆ?

ಆ ಬೋರ್ಡಿನ ಕೆಳಗೇ ಅಮ್ಮ ನಿಂತಿದ್ದಳು, ಒಂದು ಕೈಯಲ್ಲಿ ಅಕ್ಕ, ಇನ್ನೊಂದರಲ್ಲಿ ನಾನು. ಅಪ್ಪನನ್ನು ಅವರು ಹಿಡಿದುಕೊಂಡು ಹೋಗಿ ಕೆಲವು ವಾರಗಳಾಗಿದ್ದವು, ಎಲ್ಲಿದ್ದಾನೆಂಬ ಸುದ್ದಿಯಿರಲಿಲ್ಲ. ಕಂಡಕ್ಟರ್ ಬಂದ. ಅವನೂ ನಮ್ಮವನೇ, ಆದರೆ ಅವನ ಕೆಲಸ ಹೋಗಬಾರದಲ್ಲ.

“ಕೂತ್ಕೊಳ್ಳಮ್ಮ. ಬೋರ್ಡ್ ನೋಡಿಲ್ವಾ?”

“ಕೂತ್ಕೋಬೇಕು ಅಂತ ನಂಗೂ ಆಸೆ ಕಣಪ್ಪ,” ಎಂದಳು ಅಮ್ಮ, ಟ್ರಾಮಿಗೆಲ್ಲ ಕೇಳುವಂತೆ. “ಏನ್ ಮಾಡ್ಲಿ, ಮೂಲವ್ಯಾಧಿ. ಮರದ ಸೀಟ್ ಕಂಡ್ರೇ ಪ್ರಾಣ ಹೋಗತ್ತೆ.”

ಕಂಡಕ್ಟರ್ ಮೀಸೆ ಕಚ್ಚಿಕೊಂಡ. “ಮತ್ತೆ ಮಕ್ಳು?”

“ವಂಶದಲ್ಲೇ ಇದೆ.”

ಮುಂದಿನ ಸಾಲಿನಿಂದ ಹ್ಯಾಟಿನ ಮುದುಕರೊಬ್ಬರು ಎದ್ದರು. “ನಂಗೂ ಅದೇ ಕಾಯಿಲೆ. ಚಳಿಗಾಲದಲ್ಲಿ ಜಾಸ್ತಿ,” ಎಂದರು. ಆಗ ಚಳಿಗಾಲವಿರಲಿಲ್ಲ. ನಮ್ಮ ಚರ್ಚಿನ ಪಾದ್ರಿಗಳ ಹೆಂಡತಿ ಮುಖ ಕೆಂಪಗೆ ಮಾಡಿಕೊಂಡು ಎದ್ದರು. ಮುಂದಿನ ನಿಲ್ದಾಣ ಬರುವಷ್ಟರಲ್ಲಿ ಇಡೀ ಟ್ರಾಮಿಗೆ ಮೂಲವ್ಯಾಧಿ ಹರಡಿತ್ತು. ಸೈನಿಕ ಒಬ್ಬನೇ ಕೂತಿದ್ದ. ಚಿಕ್ಕ ವಯಸ್ಸಿನವನು, ಅವನ ಕಿವಿ ಕೆಂಡದ ಹಾಗಾಗಿತ್ತು. ಅವನನ್ನು ನೋಡಿ ನನಗೆ ಅಯ್ಯೋ ಅನ್ನಿಸಿತ್ತು, ಇಷ್ಟು ವರ್ಷದ ಮೇಲೆ ಹೇಳಿದರೆ ದೇಶದ್ರೋಹವಾಗಲಿಕ್ಕಿಲ್ಲ. ಯುದ್ಧ ಮುಗಿದ ದಿನ ಊರಿನ ಮೂಲವ್ಯಾಧಿಯೆಲ್ಲ ಒಟ್ಟಿಗೇ ವಾಸಿಯಾಯಿತು.

ಇದೆಲ್ಲ ಕಾದಂಬರಿಯಲ್ಲಿ ಯಾಕಿಲ್ಲ ಎಂದು ತಾವು ಕೇಳಬಹುದು. ಅಕ್ಕ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವಳು. ಅಮ್ಮನ ಮೂಲವ್ಯಾಧಿಯನ್ನು ಅಚ್ಚು ಹಾಕಿಸಲು ಅವಳಿಗೆ ಧೈರ್ಯ ಸಾಲಲಿಲ್ಲ. “ಅಮ್ಮ ಕೂರಲಾಗದು ಎಂದಳು” ಎಂದಷ್ಟೇ ಬರೆದು ಮುಂದಿನ ಪುಟಕ್ಕೆ ಓಡಿದಳು. ಅಕ್ಕನ ಸಂಕೋಚಕ್ಕೆ ಈಗ ಅಮ್ಮ ದಂಡ ತೆರುತ್ತಿದ್ದಾಳೆ. ನನಗೆ ಆ ಸಂಕೋಚವಿಲ್ಲ, ವಯಸ್ಸಾಗುವುದರ ಲಾಭವೇ ಅದು.

ಇನ್ನು, ಮಕ್ಕಳ ಅವಮಾನಕ್ಕೆ ನಗುವ ತಾಯಿ. ತೊಗಲೆಲ್ಲ ಸೈನ್ಯದ ಪಾಲಾಗಿದ್ದ ಆ ಕಾಲದಲ್ಲಿ ನಮಗೆ ಮೀನಿನ ಚರ್ಮದ ಬೂಟು ಹೊಲಿಸಿದ್ದರು. ಒಣಗಿದ್ದಾಗ ಅದು ಮರ್ಯಾದಸ್ಥ ಬೂಟು. ಮಳೆ ಬಿದ್ದರೆ ಮಾತ್ರ ತನ್ನ ಹುಟ್ಟೂರು ನೆನಪಾಗಿ ನಾರುತ್ತಿತ್ತು. ಒಂದು ದಿನ ಮಳೆಯಲ್ಲಿ ಶಾಲೆಯಿಂದ ಬರುವಾಗ ಬೀದಿಯ ಬೆಕ್ಕುಗಳೆಲ್ಲ ನನ್ನ ಹಿಂದೆ ಬಿದ್ದವು. ನಾನು ಅಳುತ್ತ ಓಡಿದೆ, ಅವೂ ಓಡಿದವು. ಅಮ್ಮ ಮೆಟ್ಟಿಲ ಮೇಲೆ ನಿಂತು ನೋಡಿದಳು. “ಏನೇ ಇದು, ದಿಬ್ಬಣ ಕರ್ಕೊಂಡ್ ಬಂದಿದೀಯಾ?” ಎಂದವಳೇ ಹೊಟ್ಟೆ ಹಿಡಿದುಕೊಂಡು ಅಲ್ಲೇ ಕುಸಿದು ಕೂತು ನಕ್ಕಳು.

ಮಾನ್ಯರೇ, ಅಪ್ಪನನ್ನು ಹಿಡಿದೊಯ್ದ ಮೇಲೆ ಆ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ. ನಾವಿಬ್ಬರು ಗೋಡೆ ಹಿಡಿದು, ಸದ್ದಾಗದಂತೆ ಓಡಾಡುತ್ತಿದ್ದೆವು. ಅಮ್ಮ ನಕ್ಕದ್ದು ಕಂಡು ನನ್ನ ಅಳು ನಿಂತುಹೋಯಿತು. ಅವಳು ಇನ್ನೊಮ್ಮೆ ನಗಲಿ ಎಂದು ನಾನು ಮಳೆಯಲ್ಲೇ ಬೀದಿಯ ತುದಿಯವರೆಗೆ ಹೋಗಿ ಬೆಕ್ಕುಗಳನ್ನು ಮತ್ತೆ ಕರೆತಂದೆ. ಅವಳು ಮತ್ತೆ ನಕ್ಕಳು. ನನ್ನ ಇಡೀ ಆಯುಷ್ಯದಲ್ಲಿ ಅಷ್ಟು ಸಂತೋಷಪಟ್ಟ ದಿನ ಇನ್ನೊಂದಿಲ್ಲ. ತಮ್ಮ ಕೈಪಿಡಿ ಇದನ್ನು ಅವಮಾನ ಎನ್ನುತ್ತದೆ. ಯುದ್ಧಕಾಲದ ಮಕ್ಕಳು ಸದಾ ಕಿಟಕಿಯ ಬಳಿ ಕೂತು ಕಣ್ಣೀರಿಡಬೇಕೆಂದು ತಮಗೆ ಹೇಳಿದವರು ಯಾರು? ನಾವು ಹೆದರಿದ್ದೆವು, ಹಸಿದಿದ್ದೆವು, ಅದರ ನಡುವೆಯೇ ಬಿದ್ದು ಬಿದ್ದು ನಗುತ್ತಿದ್ದೆವು. ಅಕ್ಕ ಕಾದಂಬರಿ ಬರೆದದ್ದೇ ಆ ನಗುವಿಗಾಗಿ.

ನನಗೆ ತಮ್ಮ ಕ್ಷಮಾಪಣೆ ಬೇಡ. ಅದು ಬಂದರೂ ಇಡಲು ನನ್ನ ಮನೆಯಲ್ಲಿ ಜಾಗವಿಲ್ಲ. ವಸಂತದ ಪರೀಕ್ಷೆಗೆ ಮುಂಚೆ ಆ ಸಾಲುಗಳನ್ನು ತೆಗೆದುಹಾಕಿ, ಶಾಲೆಗಳಿಗೆಲ್ಲ ತಿಳಿಸಬೇಕು. ಅವಸರವೇನೆಂದರೆ, ತೂವಾಳ ಟೀಚರ್ ಒಳ್ಳೆಯವರು, “ನೀನ್ ಹೇಳೋದೇ ನಿಜ ಇರ್ಬೋದು ಪುಟ್ಟಿ, ಆದ್ರೆ ಅಂಕ ಕೊಡೋದು ಕೈಪಿಡಿ ಪ್ರಕಾರಾನೇ” ಎಂದರಂತೆ. ನಾನೂ ಹಿರಿಯಳ ಹಾಗೆ ಬುದ್ಧಿ ಹೇಳಿದೆ.

“ಅವ್ರು ಕೇಳಿದ್ದನ್ನೇ ಬರ್ದುಬಿಡೇ. ನಮ್ಮಮ್ಮ ಏನೂ ಅಂದ್ಕೊಳ್ಳಲ್ಲ.”

ಅವಳು ಖಾಲಿ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದಳು. “ಅಜ್ಜಿ, ಮುತ್ತಜ್ಜನ್ನ ಯಾಕೆ ಹಿಡ್ಕೊಂಡ್ ಹೋಗಿದ್ದು?”

“ಮೇಷ್ಟ್ರಾಗಿದ್ರಲ್ಲ. ಜರ್ಮನ್ನರು ಕೂರ್ಸಿದ್ದ ಸರ್ಕಾರ ಹೇಳಿದ್ದನ್ನೇ ಮಕ್ಳಿಗೆ ಹೇಳ್ಕೊಡ್ತೀನಿ ಅಂತ ಒಪ್ಕೊಳ್ಳಿ ಅಂದ್ರು. ಅಪ್ಪ ಆಗಲ್ಲ ಅಂದ್ರು.”

“ಹಾಗಾದ್ರೆ?” ಎಂದು ಕೇಳಿ ಅವಳು ತಟ್ಟೆ ತೊಳೆಯಲು ಹೋದಳು.

ಅವಳು ನಿಜವನ್ನೇ ಬರೆಯುತ್ತಾಳೆ, ಮಾನ್ಯರೇ, ಮೂಲವ್ಯಾಧಿಯ ಸಮೇತ. ಸೊನ್ನೆ ಬಂದರೂ ಬರೆಯುತ್ತಾಳೆ. ಆ ಸೊನ್ನೆ ಯಾರ ಹೆಸರಿನ ಮುಂದೆ ಇರಬೇಕು ಎಂಬುದನ್ನು ತೀರ್ಮಾನಿಸಲು ತಮಗೆ ವಸಂತದವರೆಗೆ ಸಮಯವಿದೆ.

ಇಂತಿ,
ಭಾವಶೂನ್ಯ ತಾಯಿಯ ಮಡಿಲಲ್ಲಿ ಬೆಚ್ಚಗೆ ಬೆಳೆದು ಕೆಟ್ಟುಹೋದ ಕಿರಿಮಗಳು,
ಗುನ್‌ವೋರ್
ಟ್ರಾಂಡ್‌ಹೈಮ್