ಅತ್ತೆಯ ಪ್ಲೇಟು

ಬಂಡ್ರಿ
೧೨ ಫೆಬ್ರವರಿ ೨೦೦೬

ಕಂಪ್ಲಿಯಲ್ಲಿ ಮಗಳ ಮನೆಯಲ್ಲಿರುವ ಅತ್ತೆಯವರಿಗೆ, ಸೊಸೆ ಪಂಪಾವತಿಯ ನಮಸ್ಕಾರ.

ನನ್ನ ಕೈಗೆ ಸಿಗಬಾರದೆಂದು ನೀವು ಟ್ರಂಕಿಗೆ ಹಾಕಿದ್ದ ಬೀಗವನ್ನು ಒಡೆಸಿದ್ದೇನೆ. ಅದಿರು ಲಾರಿಗಳ ಕೆಂಧೂಳಿಗೆ ಬೀಗದ ಭಯವಿಲ್ಲ. ನಾಟಕ ಕಂಪನಿಯಲ್ಲಿದ್ದಾಗ ನೀವು ಹಾಡಿದ ಗ್ರಾಮಫೋನ್ ಪ್ಲೇಟಿನ ಮೇಲೂ ಅದು ಕೂತಿತ್ತು. ನಿಮ್ಮ ಮಗ ಲುಂಗಿಯಿಂದಲೇ ಒರೆಸಲು ಹೋದರು. "ಒಣ ಬಟ್ಟಿ ಹಚ್ಚಬ್ಯಾಡ್ರಿ, ಗೀರು ಬೀಳ್ತಾವ," ಎಂದು ಕಿತ್ತುಕೊಂಡೆ.

ನಿಮ್ಮ ಹೆಸರಿರುವ ನಡುವಿನ ಕಾಗದ ನೆನೆಯದಂತೆ ಅದರ ಮೇಲೆ ಬಟ್ಟಲು ಬೋರಲು ಹಾಕಿದೆ. ಕಾಯಿಸಿ ಆರಿಸಿದ ನೀರಿನಲ್ಲಿ ಮೆತ್ತನೆಯ ಬಟ್ಟೆ ಅದ್ದಿ, ಗೆರೆಗಳ ಗುಂಟ ಸುತ್ತಲೂ ಒರೆಸಿದೆ. ಹಿಂಡಿದ ನೀರು ತಿಳಿಯಾಗುವವರೆಗೂ ಬಿಡಲಿಲ್ಲ. ಆಮೇಲೆ ಊಟದ ತಟ್ಟೆಗಳ ಸ್ಟ್ಯಾಂಡಿನಲ್ಲಿ ನೆರಳಿಗೆ ನಿಲ್ಲಿಸಿ ಒಣಗಿಸಿದೆ. ಹಾಡುವ ಗೆರೆಗಳಿಗೆ ನನ್ನ ಬೆರಳು ಒಮ್ಮೆಯೂ ತಾಗಿಲ್ಲ.

ನಿನ್ನೆ ಪ್ಲೇಯರಿಗೆ ಹಾಕಿ ಹಚ್ಚಿದೆ. ಒಂದೂ ಕರಕರ ಇಲ್ಲ. ಕುಡಿಯಲು ನೀರು ಕೇಳಲು ಬಂದ ಲಾರಿ ಡ್ರೈವರ್ ಹೊಸ್ತಿಲಲ್ಲೇ ನಿಂತುಬಿಟ್ಟ.

"ಯಾರ್ರೀ ಹಾಡಾಕತ್ತಿದ್ದು?"

"ನಮ್ಮತ್ತಿ," ಎಂದೆ.

ಹಾಡು ಮುಗಿದ ಮೇಲೆಯೇ ಅವನಿಗೆ ನೀರಿನ ನೆನಪಾಗಿದ್ದು.

ಬರುವಾಗ ಹೊಸ ಬೀಗ ತರಬೇಡಿ. ಪ್ಲೇಯರಿಗೆ ಹೊಸ ಮುಳ್ಳು ತನ್ನಿ.

ನಿಮ್ಮ ಪ್ಲೇಟು ಕಾಯುತ್ತಿರುವ ಸೊಸೆ,
ಪಂಪಾವತಿ